ಸರ್ ಫ್ರೆಡರಿಕ್ ಬ್ಯಾಂಟಿಂಗ್

ನವೆಂಬರ್ 14 ಭಾರತದಲ್ಲಿ ಮಕ್ಕಳ ದಿನಾಚರಣೆಯ ದಿನ. ಪ್ರಪಂಚದ ಅನೇಕ ರಾಷ್ಟ್ರಗಳು ಅದೇ ದಿನವನ್ನು ಮಧುಮೇಹ ದಿನವೆಂದು ಆಚರಿಸುತ್ತವೆ. ಅದು ಕೆನಡಾ ದೇಶದ ವೈದ್ಯನಾದ ಫ್ರೆಡರಿಕ್ ಗ್ರಾಂಟ್ ಬ್ಯಾಂಟಿಂಗನ ಜನ್ಮದಿನ. ಎರಡು ಆಚರಣೆಗಳು ಒಂದೇ ದಿನ ಕೂಡಿಬಂದಿರುವುದು ಆಕಸ್ಮಿಕವಾದರೂ ಅರ್ಥಪೂರ್ಣವಾಗಿದೆ. ಏಕೆಂದರೆ ಬ್ಯಾಂಟಿಂಗನ ಪ್ರಯತ್ನದಿಂದ ಮೊಟ್ಟಮೊದಲು ಸಾವಿನ ದವಡೆಯಿಂದ ಪಾರಾದವರಲ್ಲಿ ಮಕ್ಕಳೇ ಮುಖ್ಯರಾಗಿದ್ದರು.

ಮಧುಮೇಹವು ಹೊಸ ರೋಗವೇನೂ ಅಲ್ಲ. ರೋಗಿಯ ಮೂತ್ರವು ಸಿಹಿಯಾಗಿರುವುದನ್ನೂ ಅದಕ್ಕೆ ಇರುವೆಗಳು ಮುತ್ತುವುದನ್ನೂ ಭಾರತದ ಪ್ರಾಚೀನ ವೈದ್ಯರು ಗಮನಿಸಿದ್ದರು. ಹುಟ್ಟಿನಿಂದ ಬರುವ ಬಗೆಯೊಂದು, ಆಹಾರವಿಹಾರಗಳ ದೋಷದಿಂದ ಬರುವ ಬಗೆ ಇನ್ನೊಂದು ಎಂದು ಸುಶ್ರುತನು ಈ ರೋಗವನ್ನು ವಿಂಗಡಿಸಿದ್ದನು. ಆದರೆ ರೋಗದ ಮೂಲವು ಶರೀರದ ಯಾವ ಭಾಗದಲ್ಲಿದೆ ಎಂಬುದು ಬಹುಕಾಲ ಯಾರಿಗೂ ತಿಳಿದಿರಲಿಲ್ಲ. ಮೂಲವೇ ತಿಳಿಯದಿದ್ದಾಗ ಮದ್ದು ದೊರೆಯುವುದಾದರೂ ಹೇಗೆ?

ಮನುಷ್ಯನು ಉಣ್ಣುವ ಅನ್ನ, ರೊಟ್ಟಿ, ಮುದ್ದೆಗಳಲ್ಲಿರುವ ಪಿಷ್ಟವು ಜೀರ್ಣವಾಗಿ ಸಕ್ಕರೆಯಾಗುತ್ತದೆ. ಆ ಸಕ್ಕರೆಯು ರಕ್ತದೊಡನೆ ಶರೀರದ ಎಲ್ಲ ಭಾಗಗಳಿಗೂ ಹರಿದುಹೋಗಿ ಜೀವಕೋಶಗಳಿಗೆ ಶಕ್ತಿಯನ್ನು ಒದಗಿಸುತ್ತದೆ. ಜೀವಕೋಶಗಳು ಸಕ್ಕರೆಯನ್ನು ಸರಿಯಾಗಿ ಬಳಸಿಕೊಳ್ಳಬೇಕಾದರೆ ಇನ್ಸುಲಿನ್ ಎಂಬ ಹಾರ್ಮೋನು ಬೇಕು. ಅದು ಇಲ್ಲವಾದಾಗ ಸಕ್ಕರೆಯು ರಕ್ತದಲ್ಲಿಯೇ ಸಂಗ್ರಹವಾಗಿ ಮೂತ್ರದ ಮೂಲಕ ಪೋಲಾಗುತ್ತದೆ. ಎಷ್ಟು ಉಂಡರೂ ಹಸಿವು, ಎಷ್ಟು ಕುಡಿದರೂ ದಾಹ. ಶರೀರವು ತನ್ನ ಕೊಬ್ಬನ್ನೂ ಮಾಂಸವನ್ನೂ ತಾನೇ ಕರಗಿಸಿಕೊಳ್ಳತೊಡಗುತ್ತದೆ. ಆಗ ಹುಟ್ಟುವ ಆಮ್ಲಗಳು ರಕ್ತವನ್ನು ಸೇರಿ ರೋಗಿಯು ಪ್ರಜ್ಞೆ ತಪ್ಪಿ ಸಾಯುತ್ತಾನೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ರೋಗ ತಗುಲಿದ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ. ಆಹಾರವನ್ನು ತೀರ ಕಡಮೆ ಮಾಡಿ, ಉಪವಾಸ ಕೆಡವಿ, ಸಾವನ್ನು ಕೆಲವು ತಿಂಗಳು ಮುಂದೂಡುವುದೊಂದೇ ವೈದ್ಯರಿಗೆ ತಿಳಿದಿದ್ದ ಉಪಾಯವಾಗಿತ್ತು. ಹಸಿದ ಮಗುವಿಗೆ ತಾಯಿಯೇ ಅನ್ನವನ್ನು ನಿರಾಕರಿಸಬೇಕಾದಂತಹ ಕ್ರೂರ ಚಿಕಿತ್ಸೆ ಅದು.

ರೋಗದ ನೆಲೆಯನ್ನು ಹುಡುಕುವ ಕಾರ್ಯವು ಹತ್ತೊಂಬತ್ತನೆಯ ಶತಮಾನದಲ್ಲಿ ಮುಂದುವರಿಯಿತು. ಜಠರದ ಹಿಂಬದಿಯಲ್ಲಿ ಮೇದೋಜೀರಕ ಗ್ರಂಥಿ ಎಂಬ ಅಂಗವೊಂದಿದೆ. ಜೀರ್ಣರಸವನ್ನು ತಯಾರಿಸಿ ನಾಳದ ಮೂಲಕ ಕರುಳಿಗೆ ಕಳುಹಿಸುವುದು ಅದರ ಕೆಲಸ. 1869ರಲ್ಲಿ ಪಾಲ್ ಲ್ಯಾಂಗರ್‌ಹಾನ್ಸ್ ಎಂಬ ಜರ್ಮನ್ ವಿದ್ಯಾರ್ಥಿಯು ಸೂಕ್ಷ್ಮದರ್ಶಕದ ಸಹಾಯದಿಂದ ಆ ಗ್ರಂಥಿಯ ನಡುವೆ ದ್ವೀಪಗಳಂತೆ ಚದುರಿದ್ದ ಬೇರೆ ಬಗೆಯ ಜೀವಕೋಶಗಳ ಗುಂಪುಗಳನ್ನು ಕಂಡನು. 1889ರಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೇರಿಂಗ್ ಎಂಬ ಇಬ್ಬರು ವಿಜ್ಞಾನಿಗಳು ನಾಯಿಯೊಂದರ ಮೇದೋಜೀರಕ ಗ್ರಂಥಿಯನ್ನು ತೆಗೆದುಹಾಕಿದಾಗ ಅದಕ್ಕೆ ಮಧುಮೇಹ ಬಂದಿತು. ಸಕ್ಕರೆಯನ್ನು ಹತೋಟಿಯಲ್ಲಿಡುವ ವಸ್ತುವೊಂದು ಆ ಕಿರುದ್ವೀಪಗಳಲ್ಲಿ ಹುಟ್ಟಿ ನೇರವಾಗಿ ರಕ್ತಕ್ಕೆ ಸೇರುತ್ತಿರಬೇಕೆಂದು ವಿದ್ವಾಂಸರು ಊಹಿಸಿದರು. ಅದನ್ನು ಹೊರತೆಗೆಯಲು ಅನೇಕರು ಯತ್ನಿಸಿದರು. ಬರ್ಲಿನ್ನಿನ ತ್ಸೂಲ್ಟ್ಸರ್, ರುಮೇನಿಯಾದ ಪೌಲೆಸ್ಕು ಮೊದಲಾದವರು ಗುರಿಯ ಸಮೀಪದವರೆಗೂ ಹೋಗಿದ್ದರು. ಆದರೆ ರೋಗಿಗೆ ನಿರ್ಭಯವಾಗಿ ಕೊಡಬಹುದಾದ ಔಷಧಿ ಯಾರಿಗೂ ಸಿದ್ಧಿಸಿರಲಿಲ್ಲ.

ಹೀಗಿರುವಾಗ ಈ ಕಾರ್ಯಕ್ಕೆ ಕೈಹಾಕಿದ ಬ್ಯಾಂಟಿಂಗನು ದೊಡ್ಡ ವಿದ್ವಾಂಸನೇನೂ ಆಗಿರಲಿಲ್ಲ. ಅವನು 1891ರ ನವೆಂಬರ್ 14ರಂದು ಕೆನಡಾದ ಒಂಟೇರಿಯೊ ಪ್ರಾಂತದಲ್ಲಿ, ಅಲಿಸ್ಟನ್ ಎಂಬ ಊರಿನ ಸಮೀಪದ ರೈತ ಕುಟುಂಬದಲ್ಲಿ ಕೊನೆಯ ಮಗನಾಗಿ ಜನಿಸಿದನು. ದನಕರುಗಳ ನಡುವೆ, ಹೊಲಗದ್ದೆಗಳ ದುಡಿಮೆಯಲ್ಲಿ ಅವನ ಬಾಲ್ಯ ಕಳೆಯಿತು. ಓದಿನಲ್ಲಿ ಅವನು ಸಾಮಾನ್ಯನಾಗಿದ್ದನು. ಆದರೆ ಹಿಡಿದ ಕೆಲಸವನ್ನು ಬಿಡದ ಸ್ವಭಾವದವನು. 1910ರಲ್ಲಿ ಟೊರಾಂಟೊ ವಿಶ್ವವಿದ್ಯಾನಿಲಯದ ಕಾಲೇಜೊಂದಕ್ಕೆ ಸೇರಿ ಮೊದಲ ವರ್ಷದಲ್ಲಿಯೇ ಅನುತ್ತೀರ್ಣನಾದನು. ಅದರಿಂದ ಎದೆಗುಂದದೆ 1912ರಲ್ಲಿ ವೈದ್ಯಕೀಯ ಶಿಕ್ಷಣಕ್ಕೆ ಸೇರಿದನು. ಮುಂದೆ ಮೊದಲನೆಯ ಮಹಾಯುದ್ಧವು ಆರಂಭವಾಗಿ ಸೈನ್ಯಕ್ಕೆ ವೈದ್ಯರ ಅಗತ್ಯ ಹೆಚ್ಚಿತು. 1916ರ ಕೊನೆಯಲ್ಲಿ ಪದವಿಯನ್ನು ಪಡೆದ ಬ್ಯಾಂಟಿಂಗನು ಸೈನ್ಯದ ವೈದ್ಯಕೀಯ ದಳವನ್ನು ಸೇರಿದನು. 1918ರಲ್ಲಿ ಫ್ರಾನ್ಸಿನ ಕ್ಯಾಂಬ್ರೆಯಲ್ಲಿ ನಡೆದ ಕಾಳಗದಲ್ಲಿ ಸಿಡಿಗುಂಡಿನ ಚೂರು ತಗುಲಿ ಅವನ ಬಲತೋಳಿಗೆ ಗಾಯವಾಯಿತು. ಆದರೂ ಅವನು ಗಾಯಾಳುಗಳ ಶುಶ್ರೂಷೆಯನ್ನು ಗಂಟೆಗಟ್ಟಲೆ ಮುಂದುವರಿಸಿದನು. ಈ ಧೈರ್ಯವನ್ನು ಮೆಚ್ಚಿ ಸರಕಾರವು ಅವನಿಗೆ ಮಿಲಿಟರಿ ಕ್ರಾಸ್ ಪದಕವನ್ನು ನೀಡಿತು.

ಯುದ್ಧ ಮುಗಿದ ಮೇಲೆ ಬ್ಯಾಂಟಿಂಗನು ಟೊರಾಂಟೊ ನಗರದ ಮಕ್ಕಳ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ತರಬೇತಿಯನ್ನು ಪಡೆದನು. ಅಲ್ಲಿ ಕಾಯಂ ಹುದ್ದೆ ದೊರೆಯದೆ, 1920ರ ಜುಲೈ ತಿಂಗಳಲ್ಲಿ ಒಂಟೇರಿಯೊ ಪ್ರಾಂತದಲ್ಲಿಯೇ ಇರುವ ಲಂಡನ್ ಎಂಬ ಪಟ್ಟಣಕ್ಕೆ ಹೋಗಿ ಸ್ವಂತ ಚಿಕಿತ್ಸಾಲಯವನ್ನು ತೆರೆದನು. ದಿನಗಳು ಉರುಳಿದರೂ ರೋಗಿಗಳು ಬರಲಿಲ್ಲ. ಮೊದಲ ತಿಂಗಳ ಗಳಿಕೆ ಕೇವಲ 4 ಡಾಲರ್. ಹೊಟ್ಟೆಪಾಡಿಗಾಗಿ ಅವನು ಅಲ್ಲಿನ ವೈದ್ಯಕೀಯ ಶಾಲೆಯಲ್ಲಿ ಪಾಠ ಹೇಳುವ ಅರೆಕಾಲದ ಕೆಲಸವನ್ನು ಹಿಡಿದನು.

ಅಕ್ಟೋಬರ್ 30ರ ರಾತ್ರಿ ಅವನು ಮರುದಿನಗಳ ಪಾಠಕ್ಕಾಗಿ ಸಿದ್ಧತೆ ನಡೆಸಿದ್ದನು. ಶರೀರವು ಸಕ್ಕರೆಯನ್ನು ಬಳಸಿಕೊಳ್ಳುವ ಬಗೆಯೇ ಪಾಠದ ವಿಷಯ. ಮಲಗುವ ಮುನ್ನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಮೋಸೆಸ್ ಬ್ಯಾರನ್ ಎಂಬ ವೈದ್ಯನ ಲೇಖನವನ್ನು ಓದಿದನು. ರೋಗಿಯೊಬ್ಬನ ಮೇದೋಜೀರಕ ಗ್ರಂಥಿಯ ನಾಳವು ಕಲ್ಲಿನಿಂದ ಮುಚ್ಚಿಹೋಗಿ, ಜೀರ್ಣರಸವನ್ನು ತಯಾರಿಸುವ ಕೋಶಗಳು ನಶಿಸಿದ್ದರೂ ಕಿರುದ್ವೀಪಗಳು ಹಾಗೆಯೇ ಉಳಿದಿದ್ದುವೆಂದು ಅದರಲ್ಲಿ ಬರೆದಿತ್ತು. ಬ್ಯಾಂಟಿಂಗನಿಗೆ ನಿದ್ರೆ ಬರಲಿಲ್ಲ. ನಾಯಿಯ ಗ್ರಂಥಿನಾಳವನ್ನು ಕಟ್ಟಿ ಕೆಲವು ವಾರ ಕಾಯ್ದರೆ ಜೀರ್ಣರಸದ ಕೋಶಗಳು ನಶಿಸುವುವು. ಆಗ ಉಳಿಯುವ ಕಿರುದ್ವೀಪಗಳ ಸಾರವು ಜೀರ್ಣರಸದಿಂದ ಹಾಳಾಗದೆ ದೊರೆಯಬಹುದು ಎಂದು ಅವನಿಗೆ ಹೊಳೆಯಿತು. ನಡುರಾತ್ರಿ ಕಳೆದು ಎರಡು ಗಂಟೆಯ ಸುಮಾರಿಗೆ ಎದ್ದು ಆ ಯೋಚನೆಯನ್ನು ಕೆಲವೇ ಸಾಲುಗಳಲ್ಲಿ ಬರೆದಿಟ್ಟನು. ಆ ಬರಹದಲ್ಲಿ ರೋಗದ ಹೆಸರಿನ ಕಾಗುಣಿತವೇ ತಪ್ಪಾಗಿತ್ತು!

ಕೆಲವೇ ದಿನಗಳಲ್ಲಿ ಅವನು ಟೊರಾಂಟೊ ವಿಶ್ವವಿದ್ಯಾನಿಲಯದ ಶರೀರಕ್ರಿಯಾವಿಜ್ಞಾನದ ಪ್ರಾಧ್ಯಾಪಕನಾದ ಜೆ. ಜೆ. ಆರ್. ಮ್ಯಾಕ್ಲಿಯಡ್ ಎಂಬುವನನ್ನು ಭೇಟಿ ಮಾಡಿದನು. ಸ್ಕಾಟ್ಲೆಂಡಿನವನಾದ ಮ್ಯಾಕ್ಲಿಯಡ್ ಈ ವಿಷಯದಲ್ಲಿ ಪ್ರಸಿದ್ಧ ವಿದ್ವಾಂಸ. ಸಂಶೋಧನೆಯ ಅನುಭವವಿಲ್ಲದ ಯುವಕನ ಮಾತಿನಲ್ಲಿ ಅವನಿಗೆ ಹೆಚ್ಚಿನ ನಂಬಿಕೆ ಉಂಟಾಗಲಿಲ್ಲ. ಆದರೂ ಶಸ್ತ್ರಚಿಕಿತ್ಸಕನೊಬ್ಬನು ಈ ಮಾರ್ಗವನ್ನು ಪರೀಕ್ಷಿಸಿ ನೋಡುವುದು ಯೋಗ್ಯವೆಂದು ಬಗೆದು, ಬೇಸಗೆಯ ರಜೆಯಲ್ಲಿ ಪ್ರಯೋಗಾಲಯವನ್ನೂ ಹತ್ತು ನಾಯಿಗಳನ್ನೂ ಒಬ್ಬ ಸಹಾಯಕನನ್ನೂ ಒದಗಿಸಿಕೊಡಲು ಒಪ್ಪಿದನು. ಇಬ್ಬರು ವಿದ್ಯಾರ್ಥಿಗಳು ನಾಣ್ಯವನ್ನು ಚಿಮ್ಮಿ ಸರದಿಯನ್ನು ನಿರ್ಧರಿಸಿಕೊಂಡರೆಂದೂ, ಚಾರ್ಲ್ಸ್ ಬೆಸ್ಟ್ ಎಂಬುವನಿಗೆ ಮೊದಲ ಸರದಿ ಬಂದಿತೆಂದೂ ಹೇಳುತ್ತಾರೆ. ಬೆಸ್ಟನಿಗೆ ಆಗ ಇಪ್ಪತ್ತೆರಡು ವರ್ಷ.

1921ರ ಮೇ 17ರಂದು ಪ್ರಯೋಗಗಳು ಆರಂಭವಾದುವು. ಬ್ಯಾಂಟಿಂಗನು ಶಸ್ತ್ರಕ್ರಿಯೆಯನ್ನು ನಡೆಸುವನು. ಬೆಸ್ಟನು ರಕ್ತ ಮತ್ತು ಮೂತ್ರಗಳಲ್ಲಿರುವ ಸಕ್ಕರೆಯನ್ನು ಅಳೆಯುವನು. ಆರಂಭದ ದಿನಗಳು ನಿರಾಶೆಯಿಂದ ಕೂಡಿದ್ದುವು. ಸೆಕೆಯಿಂದ ಬೇಯುತ್ತಿದ್ದ ಕೊಠಡಿಯಲ್ಲಿ ಗಾಯಗಳು ಕೀತು ನಾಯಿಗಳು ಒಂದೊಂದಾಗಿ ಸತ್ತುವು. ಏಳು ವಾರಗಳ ಬಳಿಕ ನೋಡಿದರೆ ಹಲವು ನಾಯಿಗಳಲ್ಲಿ ನಾಳಕ್ಕೆ ಹಾಕಿದ ಕಟ್ಟು ನಿಂತಿರಲೇ ಇಲ್ಲ. ಮ್ಯಾಕ್ಲಿಯಡ್ ತನ್ನ ಸ್ವದೇಶಕ್ಕೆ ತೆರಳಿದ್ದನು. ಬ್ಯಾಂಟಿಂಗನಿಗೆ ಸಂಬಳವೂ ಇರಲಿಲ್ಲ. ಆದರೂ ಅವರಿಬ್ಬರು ಪುನಃ ಮೊದಲಿನಿಂದ ಆರಂಭಿಸಿದರು. ಜುಲೈ 30ರಂದು ಮಧುಮೇಹ ಬರಿಸಿದ್ದ ನಾಯಿಗೆ ಕಿರುದ್ವೀಪಗಳ ಸಾರವನ್ನು ಚುಚ್ಚಿದಾಗ, ನೂರು ಮಿಲಿಲೀಟರ್ ರಕ್ತದಲ್ಲಿ 200 ಮಿಲಿಗ್ರಾಂ ಇದ್ದ ಸಕ್ಕರೆಯು ಒಂದು ಗಂಟೆಯಲ್ಲಿ 120ಕ್ಕೆ ಇಳಿಯಿತು. ಆ ನಾಯಿಯು ಉಳಿಯಲಿಲ್ಲ. ಆದರೆ ದಾರಿಯು ಕಂಡಿತು. ಮುಂದೆ ಮಾರ್ಜೊರಿ ಎಂಬ ನಾಯಿಯು ಮೇದೋಜೀರಕ ಗ್ರಂಥಿ ಇಲ್ಲದಿದ್ದರೂ ಸಾರದ ಬಲದಿಂದ ಸುಮಾರು 70 ದಿನ ಬದುಕಿತು. ಕೋಟ್ಯಂತರ ಮನುಷ್ಯರ ಪ್ರಾಣವನ್ನು ಉಳಿಸಿದ ಈ ಸಂಶೋಧನೆಯಲ್ಲಿ ಆ ಮೂಕಪ್ರಾಣಿಗಳ ಋಣವೂ ಸೇರಿದೆ.

ಸೆಪ್ಟೆಂಬರಿನಲ್ಲಿ ಹಿಂದಿರುಗಿದ ಮ್ಯಾಕ್ಲಿಯಡ್ ಈ ಫಲಿತಾಂಶಗಳನ್ನು ಕೂಡಲೆ ಒಪ್ಪಿಕೊಳ್ಳದೆ, ಪ್ರಯೋಗಗಳನ್ನು ಮತ್ತೆ ಮತ್ತೆ ಮಾಡಿ ತೋರಿಸಬೇಕೆಂದನು. ಬ್ಯಾಂಟಿಂಗನಿಗೆ ಇದು ಅವಮಾನವೆನಿಸಿತು. ಆದರೆ ವಿಜ್ಞಾನದಲ್ಲಿ ಇಂತಹ ನಿಷ್ಠುರ ಪರೀಕ್ಷೆಯು ಅಗತ್ಯವಾದುದು. ನಾಳವನ್ನು ಕಟ್ಟಿ ವಾರಗಟ್ಟಲೆ ಕಾಯುವ ಕ್ರಮದಿಂದ ದೊರೆಯುವ ಸಾರವು ಅತ್ಯಲ್ಪವಾಗಿತ್ತು. ಆಗ ರೈತನ ಮಗನ ಅನುಭವವು ನೆರವಿಗೆ ಬಂದಿತು. ಕಸಾಯಿಖಾನೆಗೆ ಬರುವ ಹಸುಗಳಲ್ಲಿ ಗಬ್ಬವಾದವು ಇರುತ್ತವೆ ಎಂಬುದು ಬ್ಯಾಂಟಿಂಗನಿಗೆ ತಿಳಿದಿತ್ತು. ಹುಟ್ಟದ ಕರುವಿನ ಗ್ರಂಥಿಯಲ್ಲಿ ಜೀರ್ಣರಸವು ಇನ್ನೂ ಬಲಿತಿರುವುದಿಲ್ಲ. ಕಿರುದ್ವೀಪಗಳು ಮಾತ್ರ ಹೇರಳವಾಗಿರುತ್ತವೆ. ಆ ಗ್ರಂಥಿಗಳಿಂದ ತೆಗೆದ ಸಾರವು ಚೆನ್ನಾಗಿ ಕೆಲಸ ಮಾಡಿತು. ಡಿಸೆಂಬರಿನಲ್ಲಿ ಮದ್ಯಸಾರವನ್ನು ಬಳಸಿ ಬೆಳೆದ ದನದ ಗ್ರಂಥಿಯಿಂದಲೂ ಸಾರವನ್ನು ತೆಗೆಯಲು ಸಾಧ್ಯವಾಯಿತು. ಅಂದರೆ ನಾಳವನ್ನು ಕಟ್ಟುವ ಅಗತ್ಯವೇ ಇರಲಿಲ್ಲ! ಬ್ಯಾಂಟಿಂಗನನ್ನು ನಡುರಾತ್ರಿ ಎಬ್ಬಿಸಿದ ಯೋಚನೆಯನ್ನು ಅವನೇ ಕೈಬಿಡಬೇಕಾಯಿತು.

ಸಾರವನ್ನು ಶುದ್ಧಗೊಳಿಸುವುದು ಇನ್ನೊಂದು ಕಠಿನ ಸಮಸ್ಯೆ. ಅದಕ್ಕಾಗಿ ಜೇಮ್ಸ್ ಬರ್ಟ್ರಾಮ್ ಕಾಲಿಪ್ ಎಂಬ ಜೀವರಸಾಯನ ವಿಜ್ಞಾನಿಯನ್ನು ಮ್ಯಾಕ್ಲಿಯಡ್ ಸೇರಿಸಿಕೊಂಡನು. ಕಾಲಿಪನು ಮೊಲಗಳ ಮೇಲೆ ಪ್ರಯೋಗ ನಡೆಸಿ ಸಾರದ ಬಲವನ್ನು ಅಳೆಯುವ ಕ್ರಮವನ್ನು ರೂಪಿಸಿದನು. ಸಾರವು ಹೆಚ್ಚಾದರೆ ರಕ್ತದ ಸಕ್ಕರೆ ತೀರ ಕುಸಿದು ಅಪಾಯವಾಗುವುದೆಂಬುದೂ ಆಗ ತಿಳಿಯಿತು.

ಟೊರಾಂಟೊ ಜನರಲ್ ಆಸ್ಪತ್ರೆಯಲ್ಲಿ ಲೆನರ್ಡ್ ಥಾಮ್ಸನ್ ಎಂಬ 14 ವರ್ಷದ ಬಾಲಕನು ಮಧುಮೇಹದಿಂದ ನರಳುತ್ತಿದ್ದನು. ಅವನ ತೂಕ ಕೇವಲ 65 ಪೌಂಡು, ಎಂದರೆ 30 ಕಿಲೋಗ್ರಾಮಿಗಿಂತಲೂ ಕಡಮೆ. ಬೇರೆ ಯಾವ ದಾರಿಯೂ ಇಲ್ಲದುದರಿಂದ ಅವನ ತಂದೆಯು ಹೊಸ ಚಿಕಿತ್ಸೆಗೆ ಒಪ್ಪಿಗೆ ನೀಡಿದನು. 1922ರ ಜನವರಿ 11ರಂದು ಬ್ಯಾಂಟಿಂಗ್ ಮತ್ತು ಬೆಸ್ಟ್ ತಯಾರಿಸಿದ ಸಾರವನ್ನು ಆ ಬಾಲಕನಿಗೆ ಚುಚ್ಚಲಾಯಿತು. ರಕ್ತದ ಸಕ್ಕರೆಯು 440ರಿಂದ 320ಕ್ಕೆ ಇಳಿದರೂ ಬಾಲಕನ ಸ್ಥಿತಿಯು ಸುಧಾರಿಸಲಿಲ್ಲ. ಸಾರದಲ್ಲಿದ್ದ ಕಲ್ಮಷದಿಂದ ಸೂಜಿ ಚುಚ್ಚಿದ ಸ್ಥಳದಲ್ಲಿ ಕೀವುಗಟ್ಟಿತು. ಚಿಕಿತ್ಸೆಯನ್ನು ನಿಲ್ಲಿಸಬೇಕಾಯಿತು.

ಕಾಲಿಪನು ಹಗಲಿರುಳೂ ದುಡಿದು, ಮದ್ಯಸಾರದ ಪ್ರಮಾಣವನ್ನು ಹಂತಹಂತವಾಗಿ ಹೆಚ್ಚಿಸುತ್ತ, ಕಲ್ಮಷವನ್ನು ಬೇರ್ಪಡಿಸುವ ವಿಧಾನವನ್ನು ಕಂಡುಕೊಂಡನು. ಜನವರಿ 23ರಂದು ಈ ಶುದ್ಧವಾದ ಸಾರವನ್ನು ಅದೇ ಬಾಲಕನಿಗೆ ಕೊಡಲಾಯಿತು. ಒಂದು ದಿನದೊಳಗೆ ರಕ್ತದ ಸಕ್ಕರೆಯು 520ರಿಂದ 120ಕ್ಕೆ ಇಳಿಯಿತು. ಮೂತ್ರದಲ್ಲಿ ಸಕ್ಕರೆಯು ಬಹುಮಟ್ಟಿಗೆ ಇಲ್ಲವಾಯಿತು. ಹಾಸಿಗೆಯಿಂದ ಏಳಲಾರದಿದ್ದ ಬಾಲಕನ ಮುಖದಲ್ಲಿ ಕಳೆಯೇರಿತು. ಅವನು ಮುಂದೆ ಹದಿಮೂರು ವರ್ಷ ಬದುಕಿದನು.

ಆದರೆ ಈ ಗೆಲುವಿನ ದಿನಗಳಲ್ಲಿಯೇ ಸಂಶೋಧಕರ ನಡುವೆ ಮನಸ್ತಾಪ ಬೆಳೆದಿತ್ತು. ಮ್ಯಾಕ್ಲಿಯಡನು ತನ್ನ ಕೀರ್ತಿಯನ್ನು ಅಪಹರಿಸುತ್ತಿದ್ದಾನೆಂದು ಬ್ಯಾಂಟಿಂಗನು ಶಂಕಿಸಿದನು. ಶುದ್ಧೀಕರಣದ ವಿಧಾನವನ್ನು ಕುರಿತು ಅವನಿಗೂ ಕಾಲಿಪನಿಗೂ ಕಠೋರವಾದ ಜಗಳವೇ ನಡೆಯಿತು. ಬಡತನ, ನಿದ್ರೆಯಿಲ್ಲದ ರಾತ್ರಿಗಳು, ತನ್ನನ್ನು ಯಾರೂ ಗಣಿಸುತ್ತಿಲ್ಲವೆಂಬ ಕೊರಗು ಇವೆಲ್ಲ ಬ್ಯಾಂಟಿಂಗನನ್ನು ಕಂಗೆಡಿಸಿದ್ದುವು. ಮಹಾಕಾರ್ಯವನ್ನು ಮಾಡುವವರೂ ರಾಗದ್ವೇಷಗಳಿಂದ ಮುಕ್ತರಲ್ಲ. ಪರಸ್ಪರ ತಿಳಿಸದೆ ಯಾರೂ ಬೇರೆ ಕಡೆ ಸ್ವಾಮ್ಯವನ್ನು ಕೋರಬಾರದೆಂಬ ಒಪ್ಪಂದವಾಗಿ ಕೆಲಸವು ಹೇಗೋ ಮುಂದುವರಿಯಿತು. 1922ರ ಮೇ 3ರಂದು ವಾಷಿಂಗ್ಟನ್ನಿನಲ್ಲಿ ಸೇರಿದ್ದ ವೈದ್ಯರ ಸಭೆಯಲ್ಲಿ ಮ್ಯಾಕ್ಲಿಯಡ್ ಈ ಸಂಶೋಧನೆಯನ್ನು ವಿವರಿಸಿದನು. ದ್ವೀಪ ಎಂಬರ್ಥದ ಲ್ಯಾಟಿನ್ ಪದದಿಂದ ಹುಟ್ಟಿದ ಇನ್ಸುಲಿನ್ ಎಂಬ ಹೆಸರು ಆಗ ಪ್ರಚಾರಕ್ಕೆ ಬಂದಿತು.

ಸುದ್ದಿ ಹರಡಿದಂತೆ ನಾನಾ ಕಡೆಗಳಿಂದ ರೋಗಿಗಳು ಟೊರಾಂಟೊ ನಗರಕ್ಕೆ ಬರತೊಡಗಿದರು. ಅಮೆರಿಕದ ಮಂತ್ರಿಯಾಗಿದ್ದ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಎಂಬುವನ ಮಗಳು ಎಲಿಜಬೆತ್ ಉಪವಾಸ ಚಿಕಿತ್ಸೆಯಿಂದ ಕೃಶಳಾಗಿ, ಹದಿನೈದರ ಹೊಸ್ತಿಲಲ್ಲಿ ಸುಮಾರು 20 ಕಿಲೋಗ್ರಾಂ ಮಾತ್ರ ತೂಗುತ್ತಿದ್ದಳು. 1922ರ ಆಗಸ್ಟ್ ತಿಂಗಳಲ್ಲಿ ಬ್ಯಾಂಟಿಂಗನು ಅವಳಿಗೆ ಚಿಕಿತ್ಸೆಯನ್ನು ಆರಂಭಿಸಿದನು. ಅವಳು ಚೇತರಿಸಿಕೊಂಡು, ವಿವಾಹವಾಗಿ, ಮಕ್ಕಳ ತಾಯಿಯಾಗಿ 1981ರವರೆಗೆ ಬದುಕಿದಳು.

ಬ್ಯಾಂಟಿಂಗನು ಬಯಸಿದ್ದರೆ ಇನ್ಸುಲಿನ್ನಿನಿಂದ ಅಪಾರವಾದ ಐಶ್ವರ್ಯವನ್ನು ಗಳಿಸಬಹುದಾಗಿತ್ತು. ಆದರೆ ರೋಗಿಯ ಪ್ರಾಣವನ್ನು ಉಳಿಸುವ ವಸ್ತುವಿನ ಮೇಲೆ ವೈದ್ಯನು ಸ್ವಾಮ್ಯವನ್ನು ಸಾಧಿಸುವುದು ವೃತ್ತಿಧರ್ಮಕ್ಕೆ ಒಪ್ಪುವುದಿಲ್ಲವೆಂದು ಅವನು ಭಾವಿಸಿದ್ದನು. ಬೇರೆ ಯಾರೂ ಔಷಧಿಯ ತಯಾರಿಕೆಯನ್ನು ತಮ್ಮೊಬ್ಬರ ಸೊತ್ತಾಗಿ ಮಾಡಿಕೊಳ್ಳದಿರಲೆಂದು ಸನ್ನದನ್ನು ಪಡೆಯುವುದು ಅನಿವಾರ್ಯವಾಯಿತು. 1923ರಲ್ಲಿ ಬ್ಯಾಂಟಿಂಗ್, ಬೆಸ್ಟ್ ಮತ್ತು ಕಾಲಿಪ್ ಮೂವರೂ ತಲಾ ಒಂದೇ ಒಂದು ಡಾಲರಿಗೆ ತಮ್ಮ ಹಕ್ಕನ್ನು ಟೊರಾಂಟೊ ವಿಶ್ವವಿದ್ಯಾನಿಲಯಕ್ಕೆ ವಹಿಸಿಕೊಟ್ಟರು. ತಿಂಗಳಿಗೆ 4 ಡಾಲರ್ ಗಳಿಸಿದ ಕಷ್ಟವನ್ನು ಕೆಲವೇ ವರ್ಷಗಳ ಹಿಂದೆ ಉಂಡಿದ್ದ ಬ್ಯಾಂಟಿಂಗನ ಪಾಲಿಗೆ ಇದು ಸಣ್ಣ ತ್ಯಾಗವಾಗಿರಲಿಲ್ಲ.

ಅದೇ ವರ್ಷ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕವು ಬ್ಯಾಂಟಿಂಗ್ ಮತ್ತು ಮ್ಯಾಕ್ಲಿಯಡ್ ಅವರಿಗೆ ದೊರೆಯಿತು. ಆಗ ಬ್ಯಾಂಟಿಂಗನಿಗೆ 32 ವರ್ಷವೂ ತುಂಬಿರಲಿಲ್ಲ. ಬೇಸಗೆಯುದ್ದಕ್ಕೂ ತನ್ನೊಡನೆ ದುಡಿದ ಬೆಸ್ಟನ ಹೆಸರನ್ನು ಕೈಬಿಟ್ಟದ್ದು ಅವನಿಗೆ ಅಸಹನೀಯವಾಯಿತು. ಪಾರಿತೋಷಕವನ್ನೇ ನಿರಾಕರಿಸಲು ಹೊರಟವನು, ಮಿತ್ರರ ಮಾತಿಗೆ ಒಪ್ಪಿ ಅದನ್ನು ಸ್ವೀಕರಿಸಿ, ತನ್ನ ಪಾಲಿನ ಹಣದಲ್ಲಿ ಅರ್ಧವನ್ನು ಬೆಸ್ಟನಿಗೆ ಕೊಟ್ಟನು. ಮ್ಯಾಕ್ಲಿಯಡನೂ ತನ್ನ ಪಾಲಿನಲ್ಲಿ ಅರ್ಧವನ್ನು ಕಾಲಿಪನಿಗೆ ಕೊಟ್ಟನು. ಹೀಗೆ ಇಬ್ಬರಿಗೆ ಸಂದ ಗೌರವವನ್ನು ನಾಲ್ವರು ಹಂಚಿಕೊಂಡಂತಾಯಿತು.

ಕೆನಡಾದ ಸಂಸತ್ತು ಬ್ಯಾಂಟಿಂಗನಿಗೆ ಜೀವಾವಧಿ ವರ್ಷಾಶನವನ್ನು ಮಂಜೂರು ಮಾಡಿತು. 1934ರಲ್ಲಿ ಅವನಿಗೆ ಸರ್ ಪದವಿಯು ದೊರೆಯಿತು. ಇನ್ನೊಂದು ಇನ್ಸುಲಿನ್ನನ್ನು ಅವನು ಕಂಡುಹಿಡಿಯಲಿಲ್ಲ. ಅರ್ಬುದ ರೋಗ, ಕಲ್ಲುಪುಡಿಯಿಂದ ಗಣಿಯ ಕಾರ್ಮಿಕರಿಗೆ ಬರುವ ಶ್ವಾಸಕೋಶದ ರೋಗ ಮೊದಲಾದುವುಗಳ ಸಂಶೋಧನೆಯಲ್ಲಿ ಅವನೂ ಅವನ ಶಿಷ್ಯರೂ ತೊಡಗಿದರು. ಬಿಡುವಿನ ವೇಳೆಯಲ್ಲಿ ಅವನು ಚಿತ್ರಗಳನ್ನು ಬರೆಯುತ್ತಿದ್ದನು. ಮಿತ್ರನಾದ ಚಿತ್ರಕಾರ ಎ. ವೈ. ಜ್ಯಾಕ್ಸನ್‌ನೊಡನೆ ಹಿಮಾವೃತವಾದ ಉತ್ತರಧ್ರುವ ಪ್ರದೇಶದವರೆಗೂ ಪಯಣಿಸಿದ್ದನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನ ಚಾಲಕರ ಆರೋಗ್ಯವನ್ನು ಕುರಿತ ಸಂಶೋಧನೆಗಳನ್ನು ಸಂಘಟಿಸಿದನು. ಆ ಕಾರ್ಯಕ್ಕಾಗಿಯೇ ಇಂಗ್ಲೆಂಡಿಗೆ ಹೊರಟಾಗ ಅವನ ವಿಮಾನವು ನ್ಯೂಫೌಂಡ್‌ಲೆಂಡಿನಲ್ಲಿ ನೆಲಕ್ಕಪ್ಪಳಿಸಿತು. 1941ರ ಫೆಬ್ರವರಿ 21ರಂದು, ತನ್ನ 49ನೆಯ ವಯಸ್ಸಿನಲ್ಲಿ ಬ್ಯಾಂಟಿಂಗನು ಮರಣ ಹೊಂದಿದನು.

ಇನ್ಸುಲಿನ್ನಿನ ಕಥೆಯು ಅಲ್ಲಿಗೆ ಮುಗಿಯಲಿಲ್ಲ. ಅದರ ಅಣುವಿನ ರಚನೆಯನ್ನು ಮುಂದಿನ ವಿಜ್ಞಾನಿಗಳು ಬಿಡಿಸಿ ತೋರಿಸಿದರು. 1978ರಲ್ಲಿ ಮಾನವನ ಇನ್ಸುಲಿನ್ನನ್ನೇ ಬ್ಯಾಕ್ಟೀರಿಯಾಗಳಿಂದ ತಯಾರಿಸುವ ವಿಧಾನವು ಸಿದ್ಧವಾಯಿತು. ದನ ಹಂದಿಗಳ ಗ್ರಂಥಿಗಳನ್ನೇ ನಂಬಿರಬೇಕಾದ ಕಾಲವು ಕಳೆಯಿತು. ಇನ್ಸುಲಿನ್ ರೋಗವನ್ನು ಬೇರುಸಹಿತ ಕೀಳುವುದಿಲ್ಲ. ಅದನ್ನು ಪ್ರತಿದಿನವೂ ತಕ್ಕ ಪ್ರಮಾಣದಲ್ಲಿ ತೆಗೆದುಕೊಳ್ಳಬೇಕು. ಸೆಕೆಯಲ್ಲಿ ಅದು ಕೆಡುತ್ತದೆ. ಬಳ್ಳಾರಿ ಸೀಮೆಯ ಮೋಕದಂತಹ ಊರಿನ ಸುಡುಬೇಸಗೆಯಲ್ಲಿ, ತಂಪುಪೆಟ್ಟಿಗೆ ಇಲ್ಲದ ಮನೆಯವರು ಅದನ್ನು ನೀರು ಜಿನುಗುವ ಮಣ್ಣಿನ ಮಡಕೆಯಲ್ಲಿ ತಂಪಾಗಿರಿಸಿಕೊಳ್ಳಬೇಕಾಗುತ್ತದೆ. ಇಷ್ಟು ಜಾಗರೂಕತೆಯಿದ್ದರೆ ಮಧುಮೇಹವುಳ್ಳ ಮಗುವೂ ಇತರರಂತೆ ಶಾಲೆಗೆ ಹೋಗಿ, ಆಡಿ ಓದಿ ಬೆಳೆಯಬಲ್ಲುದು. ಆದರೆ ಬೆಲೆಯ ದೆಸೆಯಿಂದ ಇನ್ಸುಲಿನ್ ಎಟುಕದ ರೋಗಿಗಳು ಇಂದಿಗೂ ಪ್ರಪಂಚದಲ್ಲಿದ್ದಾರೆ. ಒಂದು ಡಾಲರಿಗೆ ಹಕ್ಕನ್ನು ಬಿಟ್ಟುಕೊಟ್ಟವರ ಆಶಯವು ಇನ್ನೂ ಪೂರ್ಣವಾಗಿ ನೆರವೇರಿಲ್ಲ.

ಬ್ಯಾಂಟಿಂಗನು ಪರೀಕ್ಷೆಯಲ್ಲಿ ಸೋತವನು, ವೃತ್ತಿಯಲ್ಲಿ ಸೋತವನು. ಅವನ ಮೊದಲ ಯೋಚನೆಯು ಕೊನೆಗೆ ಅನಗತ್ಯವೆನಿಸಿತು. ಅವನ ಮೊದಲ ಚುಚ್ಚುಮದ್ದು ಫಲಿಸಲಿಲ್ಲ. ಬೆಸ್ಟನ ದುಡಿಮೆ, ಮ್ಯಾಕ್ಲಿಯಡನ ವಿವೇಕ, ಕಾಲಿಪನ ರಸಾಯನ ಕೌಶಲಗಳಿಲ್ಲದೆ ಅವನು ಗುರಿಯನ್ನು ಮುಟ್ಟುತ್ತಿರಲಿಲ್ಲ. ಅವರಿಗಿಂತ ಮುಂಚೆ ದಾರಿಯನ್ನು ಸವೆಸಿದವರೂ ಅನೇಕರು. ಆದರೆ ಆಗದೆಂದು ಇತರರು ಕೈಬಿಟ್ಟ ಕೆಲಸವನ್ನು ಆಗಿಯೇ ತೀರಬೇಕೆಂದು ಹಿಡಿದವನು ಬ್ಯಾಂಟಿಂಗ್. ಆ ಹಟವಿಲ್ಲದಿದ್ದರೆ ಆ ನಾಲ್ವರು ಒಂದು ಕಡೆ ಸೇರುತ್ತಲೇ ಇರಲಿಲ್ಲ. ಕೀರ್ತಿಗಾಗಿ ಕಾದಾಡಿದ ಅವನು ಹಣಕ್ಕಾಗಿ ಕೈಚಾಚಲಿಲ್ಲ. ಲೋಕವು ಅವನ ಜನ್ಮದಿನವನ್ನು ನೆನೆಯುವುದು ಈ ಕಾರಣದಿಂದಲೇ.